ಕೀಲಿ ತೆಗೆದರೂ ನಿಲ್ಲದ ಪಿಕಪ್: ದುರಸ್ತಿ ಎಲ್ಲಿಗೆ ಬಂತು

ಎಡದಂಡೆ ಕಾಲುವೆಯಲ್ಲಿ ನೀರು ನಿಂತು ಗಂಗಾವತಿ ಸುತ್ತಲಿನ ಗದ್ದೆಗಳಿಗೆ ಬಿಡುವು ಸಿಕ್ಕಿರುವುದರಿಂದ ನಮ್ಮ ಹಳೆಯ ಡೀಸೆಲ್ ಪಿಕಪ್ಪಿನ ದುರಸ್ತಿ ಮತ್ತೆ ಚುರುಕಾಗಿದೆ. ಕ್ಲಚ್ ಪ್ಲೇಟ್ ಹೊಸದಾಗಿದೆ, ಹಿಂದಿನ ಬ್ರೇಕುಗಳಿಗೆ ಲೈನರ್ ಹಾಕಿಸಿಯಾಗಿದೆ. ಇವುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಸತಾಯಿಸಿದ್ದು ಡೀಸೆಲ್ ಲೈನು. ಬೆಳಿಗ್ಗೆ ಗಾಡಿ ಒಂದೇ ಏಟಿಗೆ ಚಾಲೂ ಆಗಿ, ಮನೆಯವರೆಲ್ಲ ಹತ್ತಿ ಕುಳಿತ ಮೇಲೆ ನಿಂತುಬಿಡುತ್ತಿತ್ತು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ಲನ್ನು ಪಂಪು ಎಳೆದುಕೊಳ್ಳುವುದರಿಂದ, ಅಲ್ಲಿ ಸಣ್ಣ ಬಿರುಕು ಬಿದ್ದರೆ ಡೀಸೆಲ್ ಹೊರಗೆ ಸೋರುವುದಕ್ಕಿಂತ ಹೆಚ್ಚಾಗಿ ಗಾಳಿ ಒಳಗೆ ನುಗ್ಗುತ್ತದೆ. ಹಾಗಾಗಿ ನೆಲದ ಮೇಲೆ ಒಂದು ಹನಿಯೂ ಕಾಣದೆ ಎಂಜಿನ್ ಉಪವಾಸ ಬೀಳುತ್ತದೆ. ರಬ್ಬರ್ ಪೈಪನ್ನೂ ಅದರ ಕ್ಲಿಪ್ಪುಗಳನ್ನೂ ಬದಲಿಸಿ, ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪ್ ಒತ್ತಿದೆವು. ಈ ಕೆಲಸಕ್ಕೆ ಬಾನೆಟ್ ಎತ್ತಿದರೆ ಸಾಕು, ದಾರಿಯಲ್ಲಿ ಹೋಗುವವರೆಲ್ಲ ಮೇಸ್ತ್ರಿಗಳಾಗುತ್ತಾರೆ ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಇನ್ನು ಕೀಲಿಯ ವಿಷಯ. ಸವೆದ ತೂತಿನಿಂದ ಅದು ಗಾಡಿ ಓಡುವಾಗಲೇ ಜಾರಿ ಕೆಳಗೆ ಬೀಳುತ್ತದೆ. ಮೊನ್ನೆ ಕಾರಟಗಿ ರಸ್ತೆಯಲ್ಲಿ ಅದನ್ನು ಹೆಕ್ಕಿಕೊಂಡ ಅಕ್ಕನ ಮಗ, “ಮಾವಾ, ಕೀಲಿ ನನ್ನ ಕೈಯಾಗ ಐತಿ, ಗಾಡಿ ಇನ್ನಾ ಹೊಂಟೈತೆಲ್ಲ!” ಎಂದು ಗಾಬರಿಯಾದ. ಪೆಟ್ರೋಲ್ ಎಂಜಿನ್ನಿನಂತೆ ಇದಕ್ಕೆ ಕಿಡಿ ಬೇಕಿಲ್ಲ. ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ, ಪಂಪು ಕೂಡ ಎಂಜಿನ್ನಿನ ಬಲದಿಂದಲೇ ತಿರುಗುತ್ತದೆ. ನಿಲ್ಲಿಸಬೇಕೆಂದರೆ ಡೀಸೆಲ್ ಕಡಿಯುವ ತಂತಿಯ ಗುಬ್ಬಿಯನ್ನೇ ಎಳೆಯಬೇಕು. ಕೀಲಿ ಡ್ಯಾಶ್‌ಬೋರ್ಡಿನಲ್ಲಿರುವುದರಿಂದ ಸ್ಟೇರಿಂಗ್ ಲಾಕಾಗುವ ಭಯವೂ ಇಲ್ಲ. ಹುಡುಗನಿಗೆ ಈ ವಿವರಣೆ ಒಪ್ಪಿಗೆಯಾಗಲಿಲ್ಲ; ಊರು ಮುಟ್ಟುವವರೆಗೂ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದೇ ಕುಳಿತಿದ್ದ.

ಬ್ಯಾಟರಿ ಸೊರಗಿದೆ, ಆದರೆ ಸದ್ಯಕ್ಕೆ ಅದನ್ನು ಬದಲಿಸುತ್ತಿಲ್ಲ. ಕಾಲುವೆಯ ಏರಿಯ ಇಳಿಜಾರಿನಲ್ಲಿ ನಿಲ್ಲಿಸಿ, ಎರಡನೇ ಗೇರಿನಲ್ಲಿಟ್ಟು, ಉರುಳುವಾಗ ಕ್ಲಚ್ ಬಿಟ್ಟರೆ ಸೆಲ್ಫಿನ ಹಂಗಿಲ್ಲದೆ ಚಾಲೂ ಆಗುತ್ತದೆ; ಹೀಗಾಗಿ ನೆಂಟರ ಮನೆಗೆ ಹೋದಾಗಲೂ ಮೊದಲು ಹುಡುಕುವುದು ನೆರಳನ್ನಲ್ಲ, ಇಳಿಜಾರನ್ನು.

ಹಿಂದಿನ ಕಮಾನ್ ಪಾಟಾಗಳನ್ನು ಬಿಚ್ಚಿ, ತುಕ್ಕು ಕೆರೆದು, ತುಂಡಾಗಿದ್ದ ಒಂದು ಪಟ್ಟಿಯನ್ನು ಬದಲಿಸಿ ಜೋಡಿಸಿದ್ದೇವೆ. ಖಾಲಿಯಿದ್ದಾಗ ಹೋರಿಗರುವಿನಂತೆ ನೆಗೆಯುವ ಈ ಗಾಡಿ, 75 ಕೆಜಿಯ ಭತ್ತದ ಚೀಲಗಳನ್ನು ಹೇರಿದ ಕೂಡಲೇ ಗಂಭೀರವಾಗುತ್ತದೆ. ಭಾರ ಹೊರಲೆಂದು ಮಾಡಿದ ಪಾಟಾಗಳು ಭಾರವಿಲ್ಲದೆ ಬಾಗುವುದಿಲ್ಲವಾದ್ದರಿಂದ ಇದನ್ನು ದೋಷವೆಂದು ನಾನು ಎಣಿಸುವುದಿಲ್ಲ, ನನ್ನ ಹೆಂಡತಿ ಎಣಿಸುತ್ತಾಳೆ.

ಅಕ್ಕಿ ಗಿರಣಿಗಳ ಹತ್ತಿರ ಹಾರುವ ಹೊಟ್ಟು ರೇಡಿಯೇಟರಿನ ಸಂದುಗಳಲ್ಲಿ ತುಂಬಿಕೊಂಡಿತ್ತು. ಎಂಜಿನ್ನಿನ ಕಡೆಯಿಂದ ಹೊರಕ್ಕೆ ನೀರು ಹಾಯಿಸಿ ತೊಳೆದ ಮೇಲೆ, 40 ಡಿಗ್ರಿ ದಾಟಿದ ಮಧ್ಯಾಹ್ನದಲ್ಲೂ ಮುಳ್ಳು ಕೆಂಪು ಗೆರೆ ಮುಟ್ಟಿಲ್ಲ.

ಉಳಿದಿರುವುದು ಸ್ಟೇರಿಂಗ್. ಚಕ್ರ ತಿರುಗುವ ಮೊದಲು ಅದು ಸ್ವಲ್ಪ ಹೊತ್ತು ಆಲೋಚಿಸುತ್ತದೆ. 8 ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕಾಗಿರುವುದರಿಂದ ಇದನ್ನು ಮುಂದೂಡುವಂತಿಲ್ಲ. ಮೊದಲು ಟೈ ರಾಡ್ ಎಂಡುಗಳನ್ನು ಬದಲಿಸಿ, ಆಮೇಲೂ ಸಡಿಲವಿದ್ದರೆ ಮಾತ್ರ ಸ್ಟೇರಿಂಗ್ ಬಾಕ್ಸ್ ಬಿಚ್ಚೋಣ ಎಂದು ಮೇಸ್ತ್ರಿ ಹೇಳಿದ್ದಾರೆ. ಸಾಮಾನು ಹೊಸಪೇಟೆಯಿಂದ ಬರಬೇಕು. ಬರುವವರೆಗೆ ಗಾಡಿ ಹೊಲದ ದಾರಿ ಬಿಟ್ಟು ಹೆದ್ದಾರಿಗೆ ಇಳಿಯುವುದಿಲ್ಲ.