ಕೆಳಗಿನಿಂದ ಬರುವ ಮಳೆ

ಬೆಂಗಳೂರಿನಲ್ಲಿ ಸೆಪ್ಟೆಂಬರ್ ಮಳೆಗೆ ಕಚೇರಿ ಬಿಡುವ ಹೊತ್ತು ಚೆನ್ನಾಗಿ ಗೊತ್ತು. ಕಳೆದ ವರ್ಷ ಒಂದು ಸಂಜೆ ರಿಚ್ಮಂಡ್ ವೃತ್ತದಿಂದ ಜಯನಗರಕ್ಕೆ ಸೈಕಲ್ ಏರಿ ಹೊರಟವನನ್ನು ಅದು ಡಬಲ್ ರೋಡಿನಲ್ಲೇ ಹಿಡಿಯಿತು. ಶಾಂತಿನಗರ ಬಸ್ ನಿಲ್ದಾಣದ ಬಳಿ ನಿಂತು ಹೊಸ ರೈನ್‌ಕೋಟ್ ತೊಟ್ಟು, ಗುಂಡಿಯೆಲ್ಲ ಹಾಕಿಕೊಂಡು ಮುಂದೆ ಸಾಗಿದೆ.

ಲಾಲ್‌ಬಾಗಿನ ಮುಖ್ಯದ್ವಾರ ದಾಟುವಷ್ಟರಲ್ಲಿ ಅಂಗಿ ಒದ್ದೆ. ಮಳೆಯಿಂದಲ್ಲ, ಬೆವರಿನಿಂದ. ನೀರನ್ನು ಒಳಗೆ ಬಿಡದ ರಬ್ಬರ್ ಬಟ್ಟೆ ಮೈಯ ಆವಿಯನ್ನೂ ಹೊರಗೆ ಬಿಡುವುದಿಲ್ಲ. ಬೈಕ್ ಸವಾರರಿಗೆ ಅದು ಸರಿ, ಅವರು ಕೂತಿರುತ್ತಾರೆ; ನಾವು ತುಳಿಯಬೇಕು. ಕಂಕುಳಲ್ಲಿ ಗಾಳಿಕಂಡಿ ಇರುವ ಜಾಕೆಟ್ಟುಗಳೂ ಸಿಗುತ್ತವೆ, ಆದರೆ ಅವುಗಳ ಬೆಲೆ ನೋಡಿದರೇ ಬೆವರುತ್ತದೆ. ತಲೆಯ ಮೇಲಿಂದ ಇಳಿಬಿಟ್ಟುಕೊಳ್ಳುವ, ತೋಳಿಲ್ಲದ ಅಗಲ ಮಳೆಯಂಗಿಯಾದ ಪಾಂಚೊದೊಳಗೆ ಗಾಳಿಯೇನೋ ಆಡುತ್ತದೆ, ಆದರೆ ಎದುರುಗಾಳಿ ಬೀಸಿದರೆ ಅದು ಹಾಯಿಯಂತೆ ಉಬ್ಬಿ ಸೈಕಲ್ಲನ್ನೇ ಹಿಂದಕ್ಕೆ ಎಳೆಯುತ್ತದೆ.

ಬೆವರನ್ನಾದರೂ ಸಹಿಸಬಹುದು. ನನ್ನನ್ನು ಕೆಣಕಿದ್ದು ಕೆಳಗಿನ ನೀರು. ಹಿಂದಿನ ಚಕ್ರ ರಸ್ತೆಯ ಕೊಚ್ಚೆಯನ್ನು ಎತ್ತಿ ಕೋಟಿನ ಅಂಚಿನೊಳಗೆ, ನೇರ ಬೆನ್ನಿಗೇ ಎರಚುತ್ತಿತ್ತು. ಆಕಾಶದ ನೀರು ಒಣಗಿದರೆ ಕಲೆ ಉಳಿಯುವುದಿಲ್ಲ. ಇದರಲ್ಲಿ ಮರಳು, ಎಣ್ಣೆ, ಚರಂಡಿ ಎಲ್ಲವೂ ಇದ್ದವು. ಸಿದ್ದಾಪುರದ ಹತ್ತಿರ ಕೋಟು ಬಿಚ್ಚಿ ಲ್ಯಾಪ್‌ಟಾಪ್ ಚೀಲಕ್ಕೆ ಸುತ್ತಿದೆ. ಮೈ ನೆನೆಯಲಿ ಎಂದು ಬಿಟ್ಟ ಮೇಲೆ ಗಮನವೆಲ್ಲ ರಸ್ತೆಯ ಮೇಲೆ ನಿಂತಿತು. ನನ್ನದು ರಿಮ್ಮನ್ನು ಹಿಡಿಯುವ ಬ್ರೇಕ್. ಒದ್ದೆಯಾದಾಗ ಚಕ್ರದ ಮೊದಲ ಒಂದೆರಡು ಸುತ್ತು ಬರೀ ನೀರು ಒರೆಸುವುದರಲ್ಲೇ ಹೋಗುತ್ತದೆ. ಆದ್ದರಿಂದ ಸಿಗ್ನಲ್ ಇನ್ನೂ ದೂರವಿರುವಾಗಲೇ ಮೆಲ್ಲಗೆ ಒತ್ತಿ ಹಿಡಿಯುತ್ತಿದ್ದೆ. ಜೀಬ್ರಾ ಪಟ್ಟಿಯ ಬಿಳಿ ಬಣ್ಣ, ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ, ಎರಡೂ ಜಾರುತ್ತವೆ. ಅವುಗಳ ಮೇಲೆ ಹ್ಯಾಂಡಲ್ ತಿರುಗಿಸಲಿಲ್ಲ, ಬ್ರೇಕನ್ನೂ ಹಿಡಿಯಲಿಲ್ಲ. ನೀರು ನಿಂತ ಕಡೆ ಮುಂದಿನ ಆಟೊ ಎಲ್ಲಿ ಕುಕ್ಕರಿಸಿತೋ ಆ ಜಾಗ ಬಿಟ್ಟು ಹೋದೆ. ಕನ್ನಡಕ ಬಳಸುವವರಿಗೊಂದು ಮಾತು: ಹೆಲ್ಮೆಟ್ಟಿನ ಅಡಿಗೆ ಮುಂದೆ ಅಂಚಿರುವ ಬಟ್ಟೆಯ ಟೋಪಿ ಹಾಕಿಕೊಳ್ಳಿ.

ಮರುದಿನವೇ ಅಶೋಕ ಪಿಲ್ಲರ್ ಬಳಿಯ ಸೈಕಲ್ ಅಂಗಡಿಯಲ್ಲಿ ಎರಡೂ ಚಕ್ರಕ್ಕೆ ಉದ್ದನೆಯ ಮಡ್‌ಗಾರ್ಡ್ ಕೇಳಿದೆ.

"ಇಂಥ ಸೈಕಲ್ಲಿಗೆ ಯಾರೂ ಹಾಕಿಸುವುದಿಲ್ಲ ಸಾರ್, ಅಂದ ಕೆಡುತ್ತದೆ," ಎಂದರು ಅಂಗಡಿಯವರು.

ನಿನ್ನೆಯ ಅಂಗಿಯ ಬೆನ್ನು ನೋಡಿದ್ದರೆ ಹೀಗೆ ಹೇಳುತ್ತಿರಲಿಲ್ಲ ಎಂದೆ. ನಕ್ಕು ಸ್ಪ್ಯಾನರ್ ಕೈಗೆತ್ತಿಕೊಂಡರು. ಈಗ ಬೆನ್ನು ಉಳಿದಿದೆ. ಶೂ ಮಾತ್ರ ನೆನೆಯುತ್ತದೆ. ರಾತ್ರಿ ಅದರೊಳಗೆ ಹಳೆಯ ಪತ್ರಿಕೆ ತುರುಕಿಟ್ಟರೆ ಬೆಳಿಗ್ಗೆ ಹಾಕಿಕೊಳ್ಳುವಷ್ಟು ಒಣಗಿರುತ್ತದೆ.