ಫ್ರಾನ್ಸಿಸ್ ಮತ್ತು ಸೋಫಿ

ನಿನ್ನೆ ರಾತ್ರಿ ‘ಫ್ರಾನ್ಸಿಸ್ ಹಾ’ ನೋಡಿದೆ. 2012ರ ಕಪ್ಪು ಬಿಳುಪು ಸಿನಿಮಾ, ನೋವಾ ಬಾಂಬಾಕ್ ನಿರ್ದೇಶನ. 27 ವರ್ಷದ ಫ್ರಾನ್ಸಿಸ್ ನ್ಯೂಯಾರ್ಕ್‌ನಲ್ಲಿ ಗೆಳತಿ ಸೋಫಿ ಜೊತೆ ಒಂದೇ ಮನೆಯಲ್ಲಿರುತ್ತಾಳೆ. ಸೋಫಿ ತನಗಿಷ್ಟವಾದ ಏರಿಯಾಕ್ಕೆ ಮನೆ ಬದಲಿಸುತ್ತಾಳೆ. ಅಲ್ಲಿಂದ ಇಬ್ಬರೂ ದೂರವಾಗುವುದು ಶುರು. ಯಾರದೂ ತಪ್ಪು ಅನ್ನಲಾಗದು. ಒಬ್ಬಳ ಬದುಕು ಮುಂದೆ ಹೋಯಿತು, ಇನ್ನೊಬ್ಬಳದು ಅಲ್ಲೇ ನಿಂತಿತು, ಅಷ್ಟೆ.

ನಮ್ಮ ಶಿರಸಿ ಕಡೆ ಈ ನೋವನ್ನು ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಹುಡುಗಿ ಮದುವೆಯಾಗಿ ಕುಮಟಾಕ್ಕೋ ಬೆಂಗಳೂರಿಗೋ ಹೋದರೆ ಅಪ್ಪ ಅಮ್ಮನಿಗೆ ಸಂಕಟ ಅಂತ ಎಲ್ಲರಿಗೂ ಗೊತ್ತು. ಗೆಳತಿಯ ಸಂಕಟ ಕೇಳುವವರು ಯಾರು? ನನ್ನ ಗೆಳತಿ ಈಗ ಸಿಗುವುದು ಎರಡು ವರ್ಷಕ್ಕೊಮ್ಮೆ, ಮಾರಿಕಾಂಬಾ ಜಾತ್ರೆಯಲ್ಲಿ. ಬಿಡಕಿಬೈಲಿನ ಆ ಗದ್ದಲದಲ್ಲಿ, ಮಗುವನ್ನು ಎತ್ತಿಕೊಂಡು, ಗಂಡನ ಮನೆಯವರ ನಡುವಿನಿಂದ ನನ್ನನ್ನು ಹುಡುಕಿ ನೋಡುತ್ತಾಳೆ. ಮಾತಿಗೆ ಪುರುಸೊತ್ತು ಸಿಗುವುದು ಕಡಿಮೆ. ನೋಟ ಮಾತ್ರ ಕಾಲೇಜಿನ ದಿನಗಳದ್ದೇ.

ಸಿನಿಮಾದ ಕೊನೆ ಕೊನೆಯಲ್ಲಿ ಫ್ರಾನ್ಸಿಸ್, ಸೋಫಿ ಕೂಡ ಜನರ ನಡುವೆ ಹೀಗೇ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಇಡೀ ಸಿನಿಮಾದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಅದೇ. ಅತ್ತೂಬಿಟ್ಟೆ. ಮಗು ಮಲಗಿದ ಮೇಲೆ ನೋಡೇ ಅಂತ ಅವಳಿಗೆ ಮೆಸೇಜ್ ಹಾಕಿದ್ದೇನೆ.