ಊರು ಬಿಡಬಹುದಿತ್ತಲ್ಲ ಎಂದು ಕೇಳುವವರಿಗೆ

ನಾನು ಕಾಸರಗೋಡಿನ ಎಣ್ಮಕಜೆಯವನೆಂದು ತಿಳಿದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: ಗೇರು ತೋಟಗಳಿಗೆ ಸಿಂಪಡಿಸಿದ, ಊರಿಗೆಲ್ಲ ಕಾಯಿಲೆ ತಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷವೆಂದು ಗೊತ್ತಾದ ಮೇಲೂ ಊರು ಬಿಟ್ಟು ಯಾಕೆ ಹೋಗಲಿಲ್ಲ? ಇಪ್ಪತ್ತು ವರ್ಷಗಳಿಂದ ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಮದುವೆ ಮನೆಗಳಲ್ಲಿ ಸಮಾಧಾನದಿಂದ ಉತ್ತರಿಸಿದ್ದೇನೆ. ಇನ್ನು ನನ್ನಿಂದಾಗದು, ಆದ್ದರಿಂದ ಬರೆಯುತ್ತಿದ್ದೇನೆ.

ಪುತ್ತೂರಿನ ಮದುವೆಯೊಂದರಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕ ಕುಳಿತಿದ್ದ ಹಿರಿಯರೊಬ್ಬರು, "ಅಷ್ಟೆಲ್ಲ ಗೊತ್ತಿದ್ದೂ ಅಲ್ಲೇ ಕೂತದ್ದು ಯಾಕೆ ಮಾರಾಯ್ರೇ? ನಾವಾದರೆ ಜಾಗ ಮಾರಿ ಬರ್ತಿದ್ದೆವು" ಎಂದರು. ಯಾರಿಗೆ ಮಾರುವುದು ಎಂದು ಕೇಳಿದೆ. ಅವರು ಉತ್ತರಿಸದೆ ಪಾಯಸದವನನ್ನು ಕರೆದರು. ನಮ್ಮ ಕಡೆಯ ಹೆಣ್ಣುಮಕ್ಕಳ ಜಾತಕವನ್ನು ಊರಿನ ಹೆಸರು ನೋಡಿಯೇ ಹಿಂದಿರುಗಿಸುತ್ತಿದ್ದವರು, ಅದೇ ಊರಿನ ತೋಟಕ್ಕೆ ಒಳ್ಳೆಯ ಕ್ರಯ ಕೊಡುತ್ತಿದ್ದರೆಂದು ಅವರು ನಿಜವಾಗಿ ನಂಬಿದ್ದರೇ?

ಬಿಡಲು ಸಾಧ್ಯವಿದ್ದವರು ಬಿಟ್ಟರು, ಮಂಗಳೂರಿಗೆ, ಬೆಂಗಳೂರಿಗೆ. ಅವರನ್ನು ನಾನು ದೂರುವುದಿಲ್ಲ. ಉಳಿದವರು ಹತ್ತು ಸೆಂಟ್ಸ್ ಜಾಗದಲ್ಲಿ ಬೀಡಿ ಕಟ್ಟಿ, ಅಡಿಕೆ ಸುಲಿದು ಬದುಕುವವರು. ಏಳಲಾರದ ಮಗುವನ್ನು ಬಿಟ್ಟು ಆ ಕೆಲಸಕ್ಕೂ ಹೋಗಲಾಗದ ತಾಯಂದಿರು.

ನನ್ನನ್ನು ಯಾರೂ ಕೇಳದ ಪ್ರಶ್ನೆಯೊಂದಿದೆ: ಎಂಡೋಸಲ್ಫಾನ್ ಮದ್ದು ಬಿಡುವ ಮೊದಲು ನಿಮ್ಮನ್ನು ಯಾರಾದರೂ ಕೇಳಿದ್ದರೇ?

ಕೇಳಿರಲಿಲ್ಲ. ಗೇರಿನ ಚಿಗುರು ಮತ್ತು ಹೂಗೊಂಚಲಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲೆಂದು, 1970ರ ದಶಕದ ಕೊನೆಯಿಂದ 2000ದವರೆಗೆ, ಸರಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಮದ್ದು ಬಿಟ್ಟರು. ಗೇರು ಇದ್ದದ್ದು ಗುಡ್ಡೆಯ ಮೇಲೆ. ಮನೆ, ತೋಟ, ನೀರು ಹರಿಯುವ ತೋಡು ಎಲ್ಲ ಅದರ ಬುಡದಲ್ಲಿ. ಬಾವಿಗಳನ್ನು ಮುಚ್ಚಿಡಿ ಎಂಬ ಸೂಚನೆಯೇನೋ ಇತ್ತು. ಆದರೆ ನಮ್ಮಲ್ಲಿ ಅನೇಕ ಮನೆಗಳಿಗೆ ಬಾವಿಯಿಲ್ಲ, ಸುರಂಗವಿದೆ. ಗುಡ್ಡೆಯೊಳಗೆ ಅಡ್ಡಲಾಗಿ ಕೊರೆದ ಆ ಮಾರ್ಗದಿಂದ ನೀರು ತಾನಾಗಿ ಹರಿದು ಬಂದು ಅಂಗಳದಾಚೆಯ ತೆರೆದ ತೊಟ್ಟಿಗೆ ಬೀಳುತ್ತದೆ. ಅಮ್ಮ ಆ ತೊಟ್ಟಿಗೆ ಅಡಿಕೆ ಸೋಗೆ ಹೊದೆಸುತ್ತಿದ್ದರು. ಮದ್ದಿನ ಹನಿ ಆ ಸೋಗೆಯ ಮೇಲೆ ಬೀಳುತ್ತಿತ್ತು, ಸೋಗೆಯ ಸಂದಿನಿಂದ ನೀರಿಗೂ ಇಳಿಯುತ್ತಿತ್ತು. ತೋಡನ್ನು ಯಾರು, ಯಾವುದರಿಂದ ಮುಚ್ಚಬೇಕಿತ್ತು? ಸೂಚನೆ ಬರೆದವರು ನಮ್ಮ ಊರನ್ನು ಒಮ್ಮೆ ನಡೆದು ನೋಡಿದ್ದರೆ ಆ ಮಾತನ್ನು ಬರೆಯುತ್ತಿರಲಿಲ್ಲ.

ಕೇಳದೆ ಮಾಡಿದ್ದನ್ನು ನಿಲ್ಲಿಸಲು ಮಾತ್ರ ನಾವೇ ಹೋಗಿ ಕೇಳಬೇಕಾಯಿತು. ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವವರ ಕಾಯಿಲೆಗಳಲ್ಲಿ ಏನೋ ಅಸಹಜವಿದೆಯೆಂದು ಗುರುತಿಸಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ಕೆಲಸದಲ್ಲಿದ್ದ ಲೀಲಾಕುಮಾರಿ ಅಮ್ಮ ನ್ಯಾಯಾಲಯದ ಮೆಟ್ಟಿಲೇರಿದರು. ದೇಶಕ್ಕೆಲ್ಲ ಅನ್ವಯಿಸುವ ತಡೆಯನ್ನು ಸುಪ್ರೀಂ ಕೋರ್ಟ್ ವಿಧಿಸಿದ್ದು 2011ರ ಮೇ ತಿಂಗಳಲ್ಲಿ. 2017ರಲ್ಲಿ ಅದೇ ನ್ಯಾಯಾಲಯ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದಿತು. ಐದು ವರ್ಷ ಕಳೆದ ಮೇಲೆ, 2022ರಲ್ಲಿ ಲೆಕ್ಕ ನೋಡಿದಾಗ, 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟು ಮಂದಿಗೆ. ಮತ್ತೆ ದಿಲ್ಲಿಯವರೆಗೆ ಹೋಗಿ ಅರ್ಜಿ ಹಾಕಿದ್ದ ಎಂಟು ಮಂದಿಗೆ. ವಿಷ ಬೀಳುವಾಗ ಅರ್ಜಿ ಹಾಕಿದವರು, ಹಾಕದವರು ಎಂಬ ಭೇದವಿರಲಿಲ್ಲ.

ನೆರೆಮನೆಯ ಅಕ್ಕನಿಗೂ ಕೊನೆಗೆ ಹಣ ಬಂತು, ಸಾಲಕ್ಕೆ ಹೋಯಿತು. ಮೂವತ್ತು ದಾಟಿದ ಮಗನನ್ನು ಅವರು ಈಗಲೂ ಬೆಳಗ್ಗೆ ಎರಡು ಕೈಯಲ್ಲಿ ಎತ್ತಿ ಜಗಲಿಯ ಬಿಸಿಲಿಗೆ ತಂದು ಕೂರಿಸುತ್ತಾರೆ, ಮತ್ತೆ ಒಳಗೆ ಒಯ್ಯುತ್ತಾರೆ. ಅವರಿಗೀಗ ಸೊಂಟ ನೋವು. ಅವರ ಮನೆಗೆ ಮಾರ್ಗದಿಂದ ಮೂವತ್ತೆರಡು ಮೆಟ್ಟಿಲು ಇಳಿಯಬೇಕು. ಊರು ಬಿಡಬಹುದಿತ್ತು ಎನ್ನುವವರು ಆ ಮಾತನ್ನು ಅವರಿಗೇ ಹೇಳಲಿ, ದಾರಿ ನಾನು ತೋರಿಸುತ್ತೇನೆ.